ಕ್ಯಾಂಪಿನಲ್ಲಿ ಮಳೆ: ಆರ್‌ವಿ ಕರೆಂಟ್ ಜಾಯಿಂಟಿಗೆ ಚೀಲ ಕಟ್ಟಬೇಕಾ, ಬೇಡವಾ?

ಸೋನೆಮಳೆ, ಸಿಯಾಟಲ್ ಪಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಆರ್‌ವಿ, ಅಂದರೆ ಮಲಗೋಕೆ, ಅಡುಗೆಗೆ ಜಾಗ ಇರೋ ಗಾಡಿ, 22 ಅಡಿಯ ಹಳೇ ಟ್ರಾವೆಲ್ ಟ್ರೈಲರ್, 30 ಆಂಪಿನದು. ಕಳೆದ ನವೆಂಬರಿನಲ್ಲಿ ವಾಷಿಂಗ್ಟನ್ ಕರಾವಳಿಯ ಒಂದು ಕ್ಯಾಂಪಿನಲ್ಲಿ ಮೂರು ರಾತ್ರಿ ಇದ್ದೆವು. ಕ್ಯಾಂಪಿನ ಹೆಸರು ಬೇಡ, ವಿಷಯ ಅದಲ್ಲ.

ಅಲ್ಲಿ ಗಾಡಿಗಳಿಗೆ ಕರೆಂಟ್ ಕೊಡೋ ಕಂಬದಲ್ಲಿದ್ದ 30 ಆಂಪ್ ಸಾಕೆಟ್ಟಿನ ಮುಚ್ಚಳ ಮುರಿದು ಹೋಗಿತ್ತು, ಒಳಗೆ ಹಸಿರು ಪಾಚಿ ಕಟ್ಟಿತ್ತು. ಅದನ್ನು ಮುಟ್ಟೋಕೆ ಮನಸ್ಸಾಗಲಿಲ್ಲ. ಪಕ್ಕದ 50 ಆಂಪ್ ಸಾಕೆಟ್ಟಿಗೆ ನಮ್ಮ 30 ಆಂಪ್ ಪ್ಲಗ್ ಸೇರಿಸೋ ಡಾಗ್‌ಬೋನ್ ಅಡಾಪ್ಟರ್ ಹಾಕಿದೆ. ನಮ್ಮ ಕೇಬಲ್ ಸಾಲಲಿಲ್ಲ, 25 ಅಡಿಯ ಎಕ್ಸ್‌ಟೆನ್ಷನ್ ಸೇರಿಸಿದೆ. ಎರಡು ಕೇಬಲ್ ಸೇರುವ ಜಾಗ ಹುಲ್ಲಿನ ಮೇಲೆ ಬಂತು. ಮಳೆ ಅಂದರೆ ನಿಮಗೆ ಗೊತ್ತಲ್ಲ, ಇಲ್ಲಿಯದು ಹೊಡೆದು ಹೋಗೋ ಮಳೆ ಅಲ್ಲ, ಬೆಳಗಿಂದ ರಾತ್ರಿವರೆಗೆ ಜಿಟಿಜಿಟಿ. ಆ ಜಾಯಿಂಟನ್ನು ಕಸದ ಚೀಲದಲ್ಲಿ ಹಾಕಿ, ಎರಡೂ ಕಡೆ ಡಕ್ಟ್ ಟೇಪ್ ಬಿಗಿಯಾಗಿ ಸುತ್ತಿದೆ. ಬಹಳ ಒಳ್ಳೇ ಕೆಲಸ ಮಾಡಿದೆ ಅಂತ ಒಳಗೆ ಹೋಗಿ ಕಾಫಿ ಕುಡಿದೆ.

ಎರಡನೇ ರಾತ್ರಿ ಎರಡು ಗಂಟೆಗೆ ಟಕ್ ಅಂತ ಎಲ್ಲ ಆಫ್. ಎರಡು ನಿಮಿಷ ಚಿಲ್ಲರೆ ಬಿಟ್ಟು ತಾನೇ ಬಂತು. ಮತ್ತೆ ಟಕ್. ಟ್ರೈಲರ್ ಒಳಗೆ ನಾನು ಹಾಕಿಸಿದ್ದ, ವೋಲ್ಟೇಜ್ ಏರುಪೇರಾದರೆ ಕರೆಂಟ್ ಕಡಿಯೋ ಇಎಂಎಸ್ ಡಬ್ಬ 'ವೋಲ್ಟೇಜ್ ಕಡಿಮೆ' ಅಂತ ತೋರಿಸುತ್ತಿತ್ತು. ಹೀಟರ್ ಆಫ್ ಇದ್ದರೆ 118 ವೋಲ್ಟ್. ಹೀಟರ್ ಹಾಕಿದರೆ 103. ಕಂಬದ ಬ್ರೇಕರ್ ಮಾತ್ರ ಬೀಳಲೇ ಇಲ್ಲ.

ಬೆಳಿಗ್ಗೆ ಕಂಬದ ಬ್ರೇಕರ್ ಆಫ್ ಮಾಡಿ ಚೀಲ ಮುಟ್ಟಿದರೆ ಬೆಚ್ಚಗಿತ್ತು. ಹೊರಗೆ 6 ಡಿಗ್ರಿ ಚಳಿ, ಚೀಲ ಮಾತ್ರ ಬಿಸಿ ಮಾಡಿದ ಹಾಲಿನ ಪಾತ್ರೆ ಥರ. ಟೇಪ್ ಕೊಯ್ದೆ. ಒಳಗಿಂದ ಕಾಲು ಲೋಟ ನೀರು ಸುರಿಯಿತು. ಪ್ಲಗ್ಗಿನ ಒಂದು ಪಿನ್ ಕಂದು ಬಣ್ಣಕ್ಕೆ ತಿರುಗಿ, ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿತ್ತು.

ನನ್ನ ಪ್ರಶ್ನೆ ಇಷ್ಟೇ. ನೀರು ಒಳಗೆ ಹೋಗಿದ್ದು ಹೇಗೆ? ಇನ್ನೂ ಗಟ್ಟಿಯಾಗಿ ಕಟ್ಟಬೇಕಿತ್ತಾ?

ಡಕ್ಟ್‌ಟೇಪ್ ದೇವರು, ಪೋರ್ಟ್‌ಲ್ಯಾಂಡ್

ಟೇಪ್ ಅಗ್ಗದ್ದು ಇರಬೇಕು ಸ್ವಾಮಿ. ನಾನು ಹನ್ನೆರಡು ವರ್ಷದಿಂದ ಚೀಲ ಕಟ್ಟುತ್ತಿದ್ದೇನೆ, ಒರೆಗಾನ್ ಮಳೆಯಲ್ಲೇ. ಒಂದು ಸಲವೂ ಏನೂ ಆಗಿಲ್ಲ. ಚೀಲದ ಮೇಲೆ ಇನ್ನೊಂದು ಚೀಲ ಹಾಕಿ.

ಫ್ಯೂಸಣ್ಣ, ಒಹಾಯೊ

ದಯವಿಟ್ಟು ಇನ್ನೊಂದು ಚೀಲ ಹಾಕಬೇಡಿ.

ನಾನು ಕೆಲಸದಲ್ಲಿ ಪ್ಯಾನೆಲ್ ಬೋರ್ಡುಗಳ ಜೊತೆ ಬದುಕುವವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನೀರು ಹೋಗಿದ್ದು ಕೇಬಲ್ ಮೇಲಿಂದ. ಕಂಬದಿಂದ ಇಳಿದು ಬರುವ ಕೇಬಲ್ ಮೇಲೆ ಹನಿ ಜಾರಿಕೊಂಡು ಬರುತ್ತದೆ, ನೇರ ಟೇಪಿನ ಬಾಯಿಗೆ. ಒದ್ದೆ ರಬ್ಬರಿನ ಮೇಲೆ ಟೇಪ್ ಎಷ್ಟು ಹೊತ್ತು ಹಿಡಿದೀತು? ಒಂದು ಕೂದಲೆಳೆಯಷ್ಟು ಸಂದು ಸಾಕು. ಇನ್ನೊಂದು ದಾರಿ ಗಾಳಿ. ನೀವು ಕಟ್ಟುವಾಗಲೇ ಚೀಲದೊಳಗೆ ತೇವದ ಗಾಳಿ ಇತ್ತು. ಹೀಟರ್ ಓಡಿದಾಗ ಜಾಯಿಂಟ್ ಬಿಸಿ, ನಿಂತಾಗ ತಣ್ಣಗೆ. ಪ್ರತಿ ಸಲ ತಣ್ಣಗಾದಾಗಲೂ ಚೀಲದ ಗೋಡೆ ಬೆವರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ನೋಡಿದ್ದೀರಲ್ಲ, ಅದೇ ಲೆಕ್ಕ. ಬಂದ ನೀರಿಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಯಾಕಂದ್ರೆ ನೀವೇ ಮುಚ್ಚಿದ್ದೀರಿ.

ಈಗ ಬಿಸಿ ಎಲ್ಲಿಂದ ಬಂತು ಅಂತ. ನೀರು ಒಂದೇ ರಾತ್ರಿ ಪಿನ್ ಸುಡಲ್ಲ. ನಿಮ್ಮ ಎಕ್ಸ್‌ಟೆನ್ಷನ್ ಹಳೆಯದು ಅಂತ ಊಹೆ. ಹಲವು ವರ್ಷದ ತೇವಕ್ಕೆ ಪಿನ್ ಮೇಲೆ ಕಿಲುಬು ಕಟ್ಟಿ, ಒಳಗಿನ ಸ್ಪ್ರಿಂಗ್ ಹಿಡಿತ ಸಡಿಲವಾಗಿರುತ್ತದೆ. ಅಲ್ಲಿ ರೆಸಿಸ್ಟೆನ್ಸ್ ಏರಿದೆ. ಹೀಟರ್ 1,500 ವ್ಯಾಟಿನದು ಅಂದರೆ 12.5 ಆಂಪ್, ಫ್ರಿಜ್ ಕರೆಂಟಿನ ಮೇಲಿದ್ದರೆ ಇನ್ನೊಂದು ಎರಡು ಮೂರು. ಒಟ್ಟು 15 ಅನ್ನಿ. ನಿಮಗೆ ಬಿದ್ದಿದ್ದು 15 ವೋಲ್ಟ್. ಅದರಲ್ಲಿ ಎಂಟು ಕ್ಯಾಂಪಿನ ಉದ್ದನೆಯ ತಂತಿಗಳಿಗೂ ನಿಮ್ಮ ಕೇಬಲ್ಲಿಗೂ ಬಿಡೋಣ. ಉಳಿದ ಏಳು ವೋಲ್ಟ್ ಆ ಜಾಯಿಂಟಿನಲ್ಲೇ ಬಿದ್ದಿದೆ ಅಂದರೆ 7 ಸಲ 15, ಸುಮಾರು 105 ವ್ಯಾಟ್. ನೀವು ಕಸದ ಚೀಲದೊಳಗೆ ರಾತ್ರಿಯಿಡೀ 100 ವ್ಯಾಟಿನ ಬಲ್ಬು ಉರಿಸಿದ್ದೀರಿ.

ಬ್ರೇಕರ್ ಯಾಕೆ ಬೀಳಲಿಲ್ಲ ಅಂದರೆ ಅದಕ್ಕೆ ಬಿಸಿ ಜಾಯಿಂಟ್ ಕಾಣಿಸಲ್ಲ. ಅದು ನೋಡೋದು ಕರೆಂಟು ಎಷ್ಟು ಹರಿಯುತ್ತಿದೆ ಅಂತ ಮಾತ್ರ. 15 ಆಂಪ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದೂ ಅಲ್ಲದೆ ನೀವು 50 ಆಂಪಿನ ಬ್ರೇಕರ್ ಮೇಲೆ 30 ಆಂಪಿನ ಕೇಬಲ್ ಹಾಕಿದ್ದೀರಿ. ಕೇಬಲ್ಲೇ ಎಲ್ಲಾದರೂ ಶಾರ್ಟ್ ಆಗದಿದ್ದರೆ ಆ ಬ್ರೇಕರ್ ಸುಮ್ನೆ ಕೂತಿರುತ್ತದೆ. ನಿಮ್ಮನ್ನು ಉಳಿಸಿದ್ದು ಇಎಂಎಸ್. ಅದು ಟ್ರೈಲರ್ ಒಳಗಿತ್ತು, ಜಾಯಿಂಟ್ ಆಚೆ ಇತ್ತು, ಹಾಗಾಗಿ ಬಿದ್ದ ವೋಲ್ಟೇಜ್ ಅದಕ್ಕೆ ಕಾಣಿಸಿತು. ಅದೇ ಡಬ್ಬವನ್ನು ಕಂಬಕ್ಕೆ ನೇತುಹಾಕಿದ್ದರೆ ಜಾಯಿಂಟ್ ಸುಟ್ಟುಹೋಗುವವರೆಗೂ ಅದು ಎಲ್ಲ ಸರಿ ಇದೆ ಅಂತಲೇ ಹೇಳುತ್ತಿತ್ತು.

ಸೋನೆಮಳೆ, ಸಿಯಾಟಲ್ ಪಕ್ಕ

100 ವ್ಯಾಟಿನ ಬಲ್ಬು ಅಂದಾಗ ಮೈ ಜುಂ ಅಂತು. ನಾವು ನಾಲ್ಕು ಜನ ಮಲಗಿದ್ದೆವು. ಎಕ್ಸ್‌ಟೆನ್ಷನ್ ಹಳೆಯದು ಹೌದು, ಟ್ರೈಲರ್ ಜೊತೆಗೇ ಸೆಕೆಂಡ್ ಹ್ಯಾಂಡ್ ಬಂದಿದ್ದು.

ಅಡಿಕೆತೋಟ, ತೀರ್ಥಹಳ್ಳಿ

ನಾನು ಆರ್‌ವಿ ಓಡಿಸಿದವನಲ್ಲ. ತಂಗಿ ಅಲ್ಲಿದ್ದಾಳೆ, ಅವಳು ಈ ಚರ್ಚೆ ಕಳಿಸಿದಳು. ಆದರೆ ಮಳೆ ಮತ್ತು ಕರೆಂಟು ಎರಡರ ಬಗ್ಗೆಯೂ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನಿಮ್ಮ ಒಲಿಂಪಿಕ್ ಪಾರ್ಕಿನ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಅಂತೆ. ಆಗುಂಬೆಯಲ್ಲಿ 7,000 ದಾಟುತ್ತದೆ. ಇಲ್ಲಿ ನಾಟಿಗೆ ಹೋಗುವ ಹೆಂಗಸರು ಏನು ಹಾಕಿಕೊಳ್ಳುತ್ತಿದ್ದರು? ಗೊರಬು. ಬಿದಿರು ಕಡ್ಡಿ, ಎಲೆ, ಬೆನ್ನ ಮೇಲೆ ದೋಣಿ ಮಗುಚಿದ ಹಾಗೆ. ಮೇಲೆ ಮುಚ್ಚಿರುತ್ತದೆ, ಮುಂದೆ ಕೆಳಗೆ ಪೂರ್ತಿ ತೆರೆದಿರುತ್ತದೆ. ದಿನವಿಡೀ ಬಗ್ಗಿ ಕೆಲಸ ಮಾಡಿದರೂ ಬೆನ್ನು ಒಣಗಿರುತ್ತದೆ, ಬೆವರೂ ಒಳಗೆ ಉಳಿಯಲ್ಲ. ಆಮೇಲೆ ಪ್ಲಾಸ್ಟಿಕ್ ರೇನ್‌ಕೋಟ್ ಬಂತು. ಒಂದು ಗಂಟೆ ಹಾಕಿ ಕೆಲಸ ಮಾಡಿ ನೋಡಿ, ಮಳೆಗಿಂತ ಜಾಸ್ತಿ ಒಳಗೇ ನೆನೆದಿರುತ್ತೀರಿ.

ನೀವು ಜಾಯಿಂಟಿಗೆ ರೇನ್‌ಕೋಟ್ ಹಾಕಿದ್ದೀರಿ. ಗೊರಬು ಹಾಕಬೇಕಿತ್ತು.

ಫ್ಯೂಸಣ್ಣ, ಒಹಾಯೊ

ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ಕಂಬದ ಪೆಟ್ಟಿಗೆಯನ್ನೇ ನೋಡಿ, ಅದೂ ಗೊರಬೇ. ಪ್ಲಗ್ ಹಾಕಿದ ಮೇಲೂ ಮುಚ್ಚಳ ಮೇಲಿಂದ ಇಳಿದು ಮುಚ್ಚಿಕೊಳ್ಳುತ್ತದೆ, ಕೇಬಲ್ ಕೆಳಗಿನಿಂದ ಹೊರಗೆ ಬರುತ್ತದೆ. ತಳ ತೆರೆದೇ ಇರುತ್ತದೆ.

ಲೀಡ್ಸ್ ಕಾರವಾನ್

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲಿ ಕ್ಯಾಂಪುಗಳಲ್ಲಿ ನೀಲಿ ಬಣ್ಣದ ದುಂಡನೆ 16 ಆಂಪ್ ಪ್ಲಗ್. ಅದರ ಜೊತೆ ಕಿತ್ತಳೆ ಬಣ್ಣದ 25 ಮೀಟರ್ ಕೇಬಲ್. ಪ್ಲಗ್ಗಿಗೆ ಐಪಿ44 ದರ್ಜೆ, ಅಂದರೆ ಯಾವ ದಿಕ್ಕಿನಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಆದರೆ ನೀರಿನಲ್ಲಿ ಮುಳುಗಿಸಿದರೆ ತಡೆಯಲ್ಲ. ಈ ವ್ಯತ್ಯಾಸ ನಮ್ಮ ಜನಕ್ಕೆ ಅರ್ಥವಾಗಲ್ಲ. ಯಾರ್ಕ್‌ಷೈರಿನ ಮಳೆಯಲ್ಲಿ ಜೋಡಿಸಿದ ಪ್ಲಗ್ಗಿನ ಮೇಲೆ ಏನೂ ಮುಚ್ಚದೆ ಬಿಟ್ಟರೂ ಏನೂ ಆಗಲ್ಲ. ಅದೇ ಪ್ಲಗ್ ಹುಲ್ಲಿನ ತಗ್ಗಿನಲ್ಲಿ ಬಿದ್ದು ನೀರು ನಿಂತರೆ ಆರ್‌ಸಿಡಿ, ಅಂದರೆ ಕರೆಂಟು ಸೋರಿದರೆ ಕಡಿಯೋ ಸ್ವಿಚ್ಚು, ಬೀಳುತ್ತದೆ. ಮುಳುಗಿದರೂ ತಡೆಯೋ ಐಪಿ67 ಪ್ಲಗ್ ಸಿಗುತ್ತದೆ, ತಿರುಗಿಸಿ ಬಿಗಿ ಮಾಡೋ ಉಂಗುರ ಇರುತ್ತದೆ. ಆದರೆ ಎರಡೂ ತುದಿ ಅದೇ ಆಗಿರಬೇಕು, ಒಂದು ಕಡೆ ಮಾತ್ರ ಹಾಕಿದರೆ ಪ್ರಯೋಜನ ಇಲ್ಲ.

ಇಲ್ಲಿ ಪ್ರತಿ ಸಾಕೆಟ್ಟಿಗೂ ಬೇರೆ ಬೇರೆ 30 ಮಿಲಿಆಂಪ್ ಆರ್‌ಸಿಡಿ ಇರಬೇಕು ಅನ್ನೋದು ನಿಯಮ. ನಿಮ್ಮಲ್ಲಿ ಹಾಗಿಲ್ಲವಾ?

ಇನ್ನೊಂದು, ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ ಇಡಬೇಡಿ. ಬಿಸಿ ಹೋಗೋಕೆ ಜಾಗ ಸಿಗಲ್ಲ. ನಮ್ಮ ಪಕ್ಕದವರು ಡ್ರಮ್ಮಿನಲ್ಲಿ ಸುತ್ತಿದ ಹಾಗೇ ಬಿಟ್ಟು ಫ್ಯಾನ್ ಹೀಟರ್ ಹಾಕಿದ್ದರು. ಬೆಳಿಗ್ಗೆ ನೋಡಿದರೆ ಕೇಬಲ್ ಒಂದಕ್ಕೊಂದು ಅಂಟಿಕೊಂಡು ಜಿಲೇಬಿ ಆಗಿತ್ತು. ಹಾವಿನ ಥರ ಅಂಕುಡೊಂಕಾಗಿ ಕಾರವಾನ್ ಕೆಳಗೆ ಹರಡಿ, ಅಲ್ಲಿ ಮಳೆಯೂ ಬೀಳಲ್ಲ.

ಫ್ಯೂಸಣ್ಣ, ಒಹಾಯೊ

ಅಮೆರಿಕದಲ್ಲಿ 20 ಆಂಪ್ ಸಾಕೆಟ್ಟಿಗೆ ಆರ್‌ಸಿಡಿಯ ಕೆಲಸವನ್ನೇ ಮಾಡೋ ಜಿಎಫ್‌ಸಿಐ ಇರುತ್ತದೆ. ಅದು 4ರಿಂದ 6 ಮಿಲಿಆಂಪ್ ಸೋರಿದರೇ ಬೀಳುತ್ತದೆ, ನಿಮ್ಮದಕ್ಕಿಂತ ಬಹಳ ಸೂಕ್ಷ್ಮ. ಆದರೆ 30 ಮತ್ತು 50 ಆಂಪ್ ಸಾಕೆಟ್ಟುಗಳಿಗೆ ಸಾಮಾನ್ಯವಾಗಿ ಇರಲ್ಲ. ಬರೀ ಬ್ರೇಕರ್. ಅಂದರೆ ಒದ್ದೆ ಜಾಯಿಂಟಿನಿಂದ ನಿಮ್ಮ ಮೈ ಮೂಲಕ ಕರೆಂಟು ಹರಿದರೂ ಕಂಬಕ್ಕೆ ಗೊತ್ತೇ ಆಗಲ್ಲ.

ಕೆಲವರು ಮಳೆಯಲ್ಲಿ 20 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ, ಜಿಎಫ್‌ಸಿಐ ಪದೇ ಪದೇ ಬಿತ್ತು ಅಂತ ಅದಕ್ಕೇ ಬೈಯುತ್ತಾರೆ. ಅದು ಸುಳ್ಳು ಹೇಳುತ್ತಿಲ್ಲ. ಒದ್ದೆ ಅಡಾಪ್ಟರಿನಲ್ಲಿ ಎರಡು ಮಿಲಿಆಂಪ್, ಹಳೇ ವಾಟರ್ ಹೀಟರಿನ ಕಾಯಿಲ್ಲಿನಲ್ಲಿ ಎರಡು, ಚಾರ್ಜರಿನಲ್ಲಿ ಒಂದು. ಸೇರಿಸಿದರೆ ಐದು. ಬೀಳಲೇಬೇಕು ಅಲ್ವಾ.

ಇಬ್ಬರು ಮಕ್ಕಳಮ್ಮ, ಅಟ್ಲಾಂಟಾ

ಬಿಸಿಯ ಕಥೆ ಆಯಿತು. ಶಾಕಿನ ಕಥೆ ನಾನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಜಾರ್ಜಿಯಾದ ಬೆಟ್ಟದ ಕಡೆ ಹೋಗಿದ್ದೆವು. ಮಧ್ಯಾಹ್ನ ಗುಡುಗು ಮಳೆ ಬಂದು ನಿಂತಿತ್ತು. ಮಗಳು ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿ, "ಅಮ್ಮಾ, ಬಾಗಿಲು ಕಚ್ಚುತ್ತೆ" ಅಂದಳು. ಇರುವೆ ಇರಬೇಕು ಅಂದುಕೊಂಡೆ. ನಾನು ಚಪ್ಪಲಿ ಹಾಕಿಕೊಂಡು ಮುಟ್ಟಿದೆ, ಏನೂ ಇಲ್ಲ. ಅವಳು ಮತ್ತೆ ಮುಟ್ಟಿ ಅಳೋಕೆ ಶುರು ಮಾಡಿದಳು. ಆಗ ಗಂಡ ಓಡಿಹೋಗಿ ಕಂಬದ ಬ್ರೇಕರ್ ಆಫ್ ಮಾಡಿದ.

ನಮ್ಮ ಅಡಾಪ್ಟರಿನ ಅರ್ಥ್ ಪಿನ್ ಕಿಲುಬು ಹಿಡಿದು ಒಳಗೇ ಬಿಟ್ಟುಕೊಂಡಿತ್ತು. ಲೈಟ್ ಉರಿಯುತ್ತಿತ್ತು, ಎಸಿ ಓಡುತ್ತಿತ್ತು, ಯಾವ ಸೂಚನೆಯೂ ಇಲ್ಲ. ಬರೀ ಅರ್ಥ್ ಇಲ್ಲ, ಅಷ್ಟೇ. ಆಮೇಲೆ ಇದಕ್ಕೆ ಇಲ್ಲಿ 'ಹಾಟ್ ಸ್ಕಿನ್' ಅಂತಾರೆ ಅಂತ ಗೊತ್ತಾಯಿತು, ಇಡೀ ಗಾಡಿಯ ಮೈಗೆ ಕರೆಂಟು ಬರೋದು. ಈಗ ನನ್ನ ಕೈಚೀಲದಲ್ಲಿ ಮುಟ್ಟದೇ ಕರೆಂಟು ತೋರಿಸೋ ಪೆನ್ ಟೆಸ್ಟರ್ ಯಾವಾಗಲೂ ಇರುತ್ತದೆ. ಪ್ಲಗ್ ಹಾಕಿ ಬ್ರೇಕರ್ ಆನ್ ಮಾಡಿದ ಮೇಲೆ, ಮಕ್ಕಳು ಕಾರಿನಿಂದ ಇಳಿಯುವ ಮೊದಲು, ಪೆನ್ನನ್ನು ಟ್ರೈಲರ್ ಮೈ ಹತ್ತಿರ ಹಿಡಿಯುತ್ತೇನೆ. ಕೆಂಪು ಉರಿದು ಕೂಗಿದರೆ ಯಾರೂ ಇಳಿಯೋ ಹಾಗಿಲ್ಲ.

ಮಳೆಗೆ ಜಾಯಿಂಟ್ ಮುಚ್ಚೋದು ಆಮೇಲೆ. ಮೊದಲು ಅರ್ಥ್ ಇದೆಯಾ ನೋಡಿ.

ಅಡಿಕೆತೋಟ, ತೀರ್ಥಹಳ್ಳಿ

ಇದು ನಮ್ಮೂರಲ್ಲಿ ದಿನದ ಕಥೆ. ಸ್ನೇಹಿತನೊಬ್ಬ ಟೆಂಪೋ ಟ್ರಾವೆಲರಿಗೆ ಮಂಚ, ಅಡುಗೆಕಟ್ಟೆ ಕೂರಿಸಿಕೊಂಡು ಘಟ್ಟದ ಹೋಂಸ್ಟೇಗಳಿಗೆ ಹೋಗುತ್ತಾನೆ. ಅಲ್ಲಿ ಸಿಗೋದು ಅಂಗಳದ ಗೋಡೆಯ 16 ಆಂಪ್ ಮೂರು ಪಿನ್ ಸಾಕೆಟ್. ಮೂರನೇ ದೊಡ್ಡ ತೂತು ಇರುತ್ತದೆ, ಹಿಂದೆ ತಂತಿ ಇರಲ್ಲ. ಸಾಕೆಟ್ ಕಂಪನಿ ತೂತು ಕೊಟ್ಟಿದೆ, ಅದಕ್ಕೆ ತೂತು ಇದೆ, ಅಷ್ಟೇ. ಮಳೆಗಾಲದಲ್ಲಿ ಇವನ ಗಾಡಿ ಮುಟ್ಟಿದರೆ ಜುಂ ಅನ್ನುತ್ತಿತ್ತು. ಲ್ಯಾಪ್‌ಟಾಪ್, ಇನ್ವರ್ಟರ್ ಚಾರ್ಜರುಗಳಿಂದ ಚೂರು ಕರೆಂಟು ಗಾಡಿಯ ಮೈಗೆ ಸೋರುತ್ತದೆ, ಅರ್ಥ್ ಇದ್ದರೆ ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೂಲಕ ಹೋಗುತ್ತದೆ.

ಈಗ ಬೆಂಗಳೂರಿನ ಎಸ್‌ಪಿ ರೋಡಿನಿಂದ ಲೀಡ್ಸಿನವರು ಹೇಳಿದ ಅದೇ ನೀಲಿ ಇಂಡಸ್ಟ್ರಿಯಲ್ ಪ್ಲಗ್ ತಂದು ಗಾಡಿಗೆ ಹಾಕಿದ್ದಾನೆ. ಒಳಗೆ 30 ಮಿಲಿಆಂಪ್ ಆರ್‌ಸಿಸಿಬಿ, ಅವರ ಆರ್‌ಸಿಡಿ ಥರದ್ದೇ. ಗಾಡಿ ನಿಲ್ಲಿಸಿದ ಕೂಡಲೇ ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಹೊಡೆದು ಗಾಡಿಗೆ ತಂತಿ ಕಟ್ಟುತ್ತಾನೆ.

ಹೊಸಬ, ನ್ಯೂಜೆರ್ಸಿ

ಹಾಗಾದರೆ ನಾವೂ ಇಲ್ಲಿ ಸರಳು ಹೊಡೆದುಕೊಂಡರೆ ಅರ್ಥ್ ಚಿಂತೆ ಮುಗಿಯಿತಲ್ಲ? ನಾವು ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮೊದಲ ಸಲ ಆರ್‌ವಿ ಬಾಡಿಗೆ ತಗೊಳ್ಳುತ್ತಿದ್ದೇವೆ. ಹವಾಮಾನ ನೋಡಿದರೆ ಮೂರು ದಿನವೂ ಮಳೆ.

ಫ್ಯೂಸಣ್ಣ, ಒಹಾಯೊ

ಬೇಡ. ಇದು ಮುಖ್ಯ, ಸ್ವಲ್ಪ ನಿಧಾನ ಓದಿ.

ನೆಲಕ್ಕೆ ಹೊಡೆದ ಒಂದು ಸರಳು ಒಳ್ಳೇ ಮಣ್ಣಿನಲ್ಲಿ 25 ಓಮ್ ಸಿಕ್ಕರೆ ಪುಣ್ಯ. ನಿಮ್ಮದು 120 ವೋಲ್ಟ್. ಗಾಡಿಯ ಮೈಗೆ ಲೈವ್ ತಂತಿ ತಾಗಿದರೆ ಸರಳಿನ ಮೂಲಕ ಹರಿಯೋದು 120 ಭಾಗ 25, ಅಂದರೆ 4.8 ಆಂಪ್. 30 ಆಂಪಿನ ಬ್ರೇಕರ್ 4.8 ಆಂಪಿಗೆ ಬೀಳುತ್ತದಾ? ಇಲ್ಲ. ಗಾಡಿಯ ಮೈ ಹಾಗೇ ಲೈವ್ ಆಗಿ ನಿಂತಿರುತ್ತದೆ, ನೀವು ಸರಳು ಹೊಡೆದಿದ್ದೇವೆ ಅಂತ ಧೈರ್ಯವಾಗಿ ಮುಟ್ಟುತ್ತೀರಿ. ಇಲ್ಲಿ ಬ್ರೇಕರ್ ಬೀಳಿಸೋದು ಕೇಬಲ್ಲಿನ ಹಸಿರು ಅರ್ಥ್ ತಂತಿ. ಅದು ಕಂಬದ ಮೂಲಕ ಪ್ಯಾನೆಲ್‌ವರೆಗೂ ಗಟ್ಟಿಯಾಗಿ ಸೇರಿರಬೇಕು.

ತೀರ್ಥಹಳ್ಳಿಯವರ ಸ್ನೇಹಿತನಿಗೆ ಅದು ಕೆಲಸ ಮಾಡುತ್ತದೆ, ಯಾಕಂದ್ರೆ ಅವರ ಹತ್ತಿರ ಆರ್‌ಸಿಸಿಬಿ ಇದೆ. 230 ಭಾಗ 25 ಅಂದರೆ ಒಂಬತ್ತು ಆಂಪ್, ಅದಕ್ಕೆ ಬೇಕಾಗಿರೋದು 0.03. ಕಣ್ಣು ಮಿಟುಕಿಸೋ ಮೊದಲು ಬೀಳುತ್ತದೆ. ಆರ್‌ಸಿಸಿಬಿ ಇಲ್ಲದೆ ಬರೀ ಸರಳು ಹೊಡೆದಿದ್ದರೆ ಅವರಿಗೂ ಇದೇ ಮಾತು ಹೇಳುತ್ತಿದ್ದೆ.

ಬಾಡಿಗೆ ಆರ್‌ವಿಗೆ ನನ್ನ ಸಲಹೆ: ಅವರು ಕೊಡೋ ಡಾಗ್‌ಬೋನ್ ಅಡಾಪ್ಟರನ್ನು ಆಫೀಸಿನಲ್ಲೇ ಹೊರತೆಗೆದು ನೋಡಿ. ನೂರು ಜನ ಎಳೆದಾಡಿದ್ದು ಅದು. ಪಿನ್ ಕಪ್ಪಾಗಿದ್ದರೆ, ಕೇಬಲ್ ಪ್ಲಗ್ಗಿಗೆ ಸೇರುವ ಕಡೆ ಬಿರುಕು ಬಿಟ್ಟಿದ್ದರೆ ಬೇರೆ ಕೇಳಿ. ಸಂಕೋಚ ಬೇಡ. ಪ್ಲಗ್ ಹಾಕುವಾಗ ಮೊದಲು ಕಂಬದ ಬ್ರೇಕರ್ ಆಫ್, ಕೈ ಒರೆಸಿಕೊಳ್ಳಿ, ಕಾಲಲ್ಲಿ ಶೂ ಇರಲಿ, ಪ್ಲಗ್ ಪೂರ್ತಿ ಒಳಗೆ ಒತ್ತಿ, ಆಮೇಲೆ ಬ್ರೇಕರ್ ಆನ್. ತೆಗೆಯುವಾಗ ಒಳಗೆ ಎಸಿ, ಹೀಟರ್ ಆಫ್ ಮಾಡಿ, ಬ್ರೇಕರ್ ಆಫ್ ಮಾಡಿ, ಆಮೇಲೆ ಎಳೆಯಿರಿ, ಅದೂ ಕೇಬಲ್ ಹಿಡಿದಲ್ಲ, ಪ್ಲಗ್ ಹಿಡಿದು. ಮಳೆಯಲ್ಲಿ ಇದನ್ನೇ ಎಲ್ಲರೂ ಅವಸರ ಮಾಡೋದು.

ಹೊಸಬ, ನ್ಯೂಜೆರ್ಸಿ

ಧನ್ಯವಾದ. 30 ಮತ್ತು 50ರಲ್ಲಿ ಏನು ವ್ಯತ್ಯಾಸ ಅಂತಲೂ ಒಂದು ಸಾಲು ಹೇಳಿದರೆ...

ಫ್ಯೂಸಣ್ಣ, ಒಹಾಯೊ

30 ಅಂದರೆ ಮೂರು ಪಿನ್, ಒಂದೇ 120 ವೋಲ್ಟ್ ಲೈನು, 3,600 ವ್ಯಾಟ್. 50 ಅಂದರೆ ನಾಲ್ಕು ಪಿನ್, ಎರಡು ಲೈನು, ತಲಾ 50 ಆಂಪ್, ಒಟ್ಟು 12,000 ವ್ಯಾಟ್. ಹೆಸರು ನೋಡಿ ಒಂದೂವರೆ ಪಟ್ಟು ಅಂದುಕೊಳ್ಳುತ್ತಾರೆ, ಮೂರು ಪಟ್ಟಿಗಿಂತ ಜಾಸ್ತಿ. 30ರ ಮೇಲೆ ಗಂಟೆಗಟ್ಟಲೆ ಎಳೆಯೋದಾದರೆ 24 ಆಂಪ್ ದಾಟಬೇಡಿ.

ಡಕ್ಟ್‌ಟೇಪ್ ದೇವರು, ಪೋರ್ಟ್‌ಲ್ಯಾಂಡ್

ಎಲ್ಲರೂ ಸೇರಿ ನನ್ನ ಚೀಲಕ್ಕೆ ಬೈದಿದ್ದೀರಿ. ಸರಿ, ನಿನ್ನೆ ಹೋಗಿ ನನ್ನ ಕೇಬಲ್ ನೋಡಿದೆ. ಹನ್ನೆರಡು ವರ್ಷ ಏನೂ ಆಗಿಲ್ಲ ಅಂದಿದ್ದೆ. ಪ್ಲಗ್ ಬಿಚ್ಚಿದರೆ ಪಿನ್ ಪರವಾಗಿಲ್ಲ, ಆದರೆ ಸ್ಕ್ರೂ ಕೆಳಗಿನ ತಾಮ್ರ ಕಪ್ಪಾಗಿದೆ. ಸಿಪ್ಪೆ ಸುಲಿಯುತ್ತಾ ಹೋದೆ, ಇನ್ನೂ ಕಪ್ಪು. ಎರಡು ಇಂಚು ಒಳಗೆ ಹೋದ ಮೇಲೆ ಹೊಳೆಯೋ ತಾಮ್ರ ಸಿಕ್ಕಿತು. ಎಳೆಗಳ ನಡುವೆ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರೋ ಹಾಗೆ ಏರಿದೆ.

ಆದರೂ ಕೇಳುತ್ತೇನೆ. ಪಿನ್ನಿಗೆ ಉಪ್ಪುಕಾಗದ ಉಜ್ಜಿ, ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ಸಾಕಲ್ಲವಾ? ಆ ಗ್ರೀಸ್ ಕರೆಂಟ್ ಹಾಯಿಸಲ್ಲ ಅಂತ ಒಬ್ಬ ಹೇಳಿದ, ಇನ್ನೊಬ್ಬ ಹಚ್ಚಲೇಬೇಕು ಅಂದ.

ಫ್ಯೂಸಣ್ಣ, ಒಹಾಯೊ

ಇಬ್ಬರೂ ಸರಿ. ಗ್ರೀಸ್ ಕರೆಂಟ್ ಹಾಯಿಸಲ್ಲ. ಆದರೆ ಪಿನ್ ಒಳಗೆ ಹೋಗುವಾಗ ಲೋಹಕ್ಕೆ ಲೋಹ ಒತ್ತುವ ಜಾಗದಿಂದ ಅದು ಪಕ್ಕಕ್ಕೆ ಸರಿಯುತ್ತದೆ, ಸುತ್ತ ಉಳಿದು ನೀರು ತಡೆಯುತ್ತದೆ. ಬೆರಳಲ್ಲಿ ತೆಳ್ಳಗೆ ಸವರಿ, ಹೋಳಿಗೆಗೆ ತುಪ್ಪ ಹಾಕಿದ ಹಾಗೆ ಸುರಿಯಬೇಡಿ, ಮರಳು ಅಂಟುತ್ತದೆ.

ಉಪ್ಪುಕಾಗದ ಮಾತ್ರ ಬೇಡ. ಪಿನ್ನಿನ ಮೇಲಿನ ಲೇಪ ಹೋದರೆ ಕೆಳಗಿನ ಹಿತ್ತಾಳೆ ಇನ್ನೂ ಬೇಗ ಕಪ್ಪಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ. ಒಮ್ಮೆ ಬಿಸಿಯಾಗಿ ಕಂದಿದ ಪ್ಲಗ್ ಮಾತ್ರ ಯಾವುದರಿಂದಲೂ ಸರಿಹೋಗಲ್ಲ, ಒಳಗಿನ ಸ್ಪ್ರಿಂಗ್ ಬಿಗಿ ಹೋಗಿರುತ್ತದೆ. ಕೊಯ್ದು, ಹೊಳೆಯೋ ತಾಮ್ರದವರೆಗೆ ಹೋಗಿ, ಹೊಸ ಪ್ಲಗ್ ಹಾಕಿ. ಮತ್ತೆ, ಸುಟ್ಟ ಪ್ಲಗ್ಗಿನ ಜೋಡಿ ಯಾವುದೋ ಅದನ್ನೂ ಬದಲಾಯಿಸಿ. ಒಂದು ಸುಟ್ಟರೆ ಇನ್ನೊಂದನ್ನೂ ಕೆಡಿಸಿರುತ್ತದೆ.

ಇಬ್ಬರು ಮಕ್ಕಳಮ್ಮ, ಅಟ್ಲಾಂಟಾ

ಗುಡುಗು ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ, ಫ್ಲೋರಿಡಾ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನ ಆದರೆ ಅದೇ.

ಫ್ಯೂಸಣ್ಣ, ಒಹಾಯೊ

ಸಿಡಿಲು ಬರುತ್ತೆ ಅಂತ ಗೊತ್ತಾದರೆ ಅದು ಬರುವ ಮೊದಲೇ ಬ್ರೇಕರ್ ಆಫ್ ಮಾಡಿ ಪ್ಲಗ್ ಕಿತ್ತು ಒಳಗೆ ಕೂತುಕೊಳ್ಳಿ. ಗುಡುಗೋಕೆ ಶುರುವಾದ ಮೇಲೆ ಕಂಬದ ಹತ್ತಿರ ಹೋಗಬೇಡಿ, ಫ್ರಿಜ್ ಸುಟ್ಟರೆ ಸುಡಲಿ. ಸರ್ಜ್ ಪ್ರೊಟೆಕ್ಟರ್ ದೂರದ ಸಿಡಿಲಿನ ಹೊಡೆತ ತಡೆದೀತು, ನೇರ ಬಿದ್ದಿದ್ದನ್ನಲ್ಲ.

ಲೀಡ್ಸ್ ಕಾರವಾನ್

ಅಂದಹಾಗೆ ಇಲ್ಲಿ ಕೇಬಲ್ ಹಾಕೋಕೂ ಒಂದು ಕ್ರಮ ಇದೆ. ಮೊದಲು ಕಾರವಾನ್ ಕಡೆ ಪ್ಲಗ್, ಆಮೇಲೆ ಕಂಬದ ಕಡೆ. ತೆಗೆಯುವಾಗ ಮೊದಲು ಕಂಬದ ಕಡೆ. ಉಲ್ಟಾ ಮಾಡಿದರೆ ಒದ್ದೆ ಹುಲ್ಲಿನಲ್ಲಿ ಕರೆಂಟ್ ಇರೋ ತುದಿಯನ್ನು ಕೈಲಿ ಹಿಡಿದು ನಡೆದ ಹಾಗಾಗುತ್ತದೆ.

ಸೋನೆಮಳೆ, ಸಿಯಾಟಲ್ ಪಕ್ಕ

ಮೂರು ವಾರ ಆಯಿತು, ಬಂದು ವರದಿ ಒಪ್ಪಿಸುತ್ತಿದ್ದೇನೆ.

ಹಳೇ ಎಕ್ಸ್‌ಟೆನ್ಷನ್ ಎಸೆದೆ. ಹೊಸದು ತಂದೆ. ಟ್ರೈಲರ್ ಕೇಬಲ್ಲಿನ ತುದಿ ಕೊಯ್ದು ಹೊಸ ಪ್ಲಗ್ ಹಾಕಿದೆ. ಆಮೇಲೆ ಬೇಕಂತಲೇ ಮಳೆ ಇರೋ ವಾರ ನೋಡಿ ಒರೆಗಾನಿನ ಫೋರ್ಟ್ ಸ್ಟೀವನ್ಸ್ ಸ್ಟೇಟ್ ಪಾರ್ಕಿಗೆ ಹೋದೆವು. 1906ರಲ್ಲಿ ದಡಕ್ಕೆ ಬಡಿದ ಪೀಟರ್ ಐರೆಡೇಲ್ ಹಡಗಿನ ಅಸ್ಥಿಪಂಜರ ಅಲ್ಲಿ ಮರಳಲ್ಲಿ ನಿಂತಿದೆ. ಉಪ್ಪುಗಾಳಿ, ನೀರು ಸೇರಿ ಕಬ್ಬಿಣವನ್ನು ಏನು ಮಾಡುತ್ತವೆ ಅಂತ ನೋಡಬೇಕಾದರೆ ಅದನ್ನು ನೋಡಿ ಬಂದು, ಆಮೇಲೆ ನಿಮ್ಮ ಪ್ಲಗ್ಗಿನ ಪಿನ್ ನೋಡಿಕೊಳ್ಳಿ.

ಕಂಬದಲ್ಲಿ 30 ಆಂಪ್ ಸಾಕೆಟ್ ಚೆನ್ನಾಗಿತ್ತು, ಡಾಗ್‌ಬೋನ್ ಬೇಕಾಗಲಿಲ್ಲ. ಕೇಬಲ್ ಕಂಬದಿಂದ ಇಳಿದು, ನೆಲದ ಹತ್ತಿರ ಬಂದು, ಮತ್ತೆ ಮೇಲೇರಿ ಜಾಯಿಂಟ್ ಸೇರುವ ಹಾಗೆ ಬಿಟ್ಟೆ. ತೊಟ್ಟಿಲ ಹಗ್ಗದ ಥರ ಜೋಲು. ಹನಿಗಳು ಜೋಲಿನ ತಳಕ್ಕೆ ಬಂದು ಅಲ್ಲೇ ತೊಟ್ಟಿಕ್ಕುತ್ತಿದ್ದವು. ಮೇಲೆ ಹತ್ತಿ ಜಾಯಿಂಟ್ ಕಡೆ ಒಂದೂ ಹೋಗಲಿಲ್ಲ, ಟಾರ್ಚ್ ಹಿಡಿದು ಹತ್ತು ನಿಮಿಷ ನೋಡಿದ್ದೇನೆ. ಹೆಂಡತಿ ಕಿಟಕಿಯಿಂದ ನೋಡಿ ನಕ್ಕಿದ್ದೂ ಆಯಿತು.

ಜಾಯಿಂಟಿಗೆ ಗೊರಬು ಮಾಡಿದೆ. ಹಳೇ ಪೇಂಟ್ ಬಕೆಟ್ಟು. ಅಂಚಿನಿಂದ ಎರಡೂ ಬದಿ ಸೀಳು ಕೊಯ್ದೆ. ಅದನ್ನು ಬೋರಲು ಹಾಕಿ, ಟ್ರೈಲರಿನ ಹಿಂದಿನ ಬಂಪರಿಗೆ ಹಗ್ಗ ಕಟ್ಟಿ ತೂಗುಬಿಟ್ಟೆ. ಒಳಗೆ ಜಾಯಿಂಟ್ ನೇತಾಡುತ್ತದೆ, ಎರಡೂ ಕೇಬಲ್ ಸೀಳಿನಿಂದ ಕೆಳಗೆ ಇಳಿಯುತ್ತವೆ, ತಳ ಪೂರ್ತಿ ತೆರೆದಿದೆ. ನೆಲದಿಂದ ಒಂದು ಮೊಳ ಎತ್ತರ. ಜಾಯಿಂಟಿನ ಭಾರ ಪಿನ್ನಿನ ಮೇಲೆ ಬೀಳದ ಹಾಗೆ ಎರಡೂ ಕೇಬಲ್ಲನ್ನು ಒಂದು ಬಟ್ಟೆಪಟ್ಟಿಯಲ್ಲಿ ಸೇರಿಸಿ ಕಟ್ಟಿದೆ. ಅಂಗಡಿಯಲ್ಲಿ ಇದಕ್ಕೇ ಅಂತ ಪ್ಲಾಸ್ಟಿಕ್ ಪೆಟ್ಟಿಗೆ ಸಿಗುತ್ತದೆ, ಗೊತ್ತು. ಬಕೆಟ್ ಇತ್ತು, ಬಳಸಿದೆ.

ಎರಡು ರಾತ್ರಿ ಪೂರ್ತಿ ಮಳೆ. ಹೀಟರ್ ಇಲ್ಲದೆ 119, ಹೀಟರ್ ಹಾಕಿದರೆ 114. ಬೆಳಿಗ್ಗೆ ಬ್ರೇಕರ್ ಆಫ್ ಮಾಡಿ ಜಾಯಿಂಟ್ ಮುಟ್ಟಿದೆ. ತಣ್ಣಗಿತ್ತು. ಬಿಚ್ಚಿದೆ. ಒಣಗಿತ್ತು. ಬಕೆಟ್ಟಿನ ಒಳಗೆ ಒಂದು ಜೇಡ ಆಗಲೇ ಬಲೆ ಕಟ್ಟಿತ್ತು.

ಇಬ್ಬರು ಮಕ್ಕಳಮ್ಮ, ಅಟ್ಲಾಂಟಾ

ಪೆನ್ ಟೆಸ್ಟರ್?

ಸೋನೆಮಳೆ, ಸಿಯಾಟಲ್ ಪಕ್ಕ

ತಗೊಂಡೆ ಅಕ್ಕ. ಎರಡು. ಒಂದು ಕಾರಿನಲ್ಲಿ.

ಅಡಿಕೆತೋಟ, ತೀರ್ಥಹಳ್ಳಿ

ಬಕೆಟ್ಟಿನ ಗೊರಬು ಚೆನ್ನಾಗಿದೆ. ಫೋಟೋ ತಂಗಿಗೆ ಕಳಿಸಿ, ಅಮ್ಮನಿಗೆ ತೋರಿಸಬೇಕು. ಗೊರಬು ನೇಯೋರು ಊರಲ್ಲಿ ಈಗ ಯಾರೂ ಉಳಿದಿಲ್ಲ, ಅಮೆರಿಕದಲ್ಲಿ ಒಬ್ಬರು ಶುರು ಮಾಡಿದ್ದಾರೆ ಅಂತ ಹೇಳುತ್ತೇನೆ.

ಡಕ್ಟ್‌ಟೇಪ್ ದೇವರು, ಪೋರ್ಟ್‌ಲ್ಯಾಂಡ್

ಸೀಳು ಎಷ್ಟು ಅಗಲ ಕೊಯ್ದಿರಿ? ನನ್ನ ಹತ್ತಿರವೂ ಒಂದು ಬಕೆಟ್ ಇದೆ.

ಸೋನೆಮಳೆ, ಸಿಯಾಟಲ್ ಪಕ್ಕ

ಮೂರು ಬೆರಳು. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ಕೇಬಲ್ ಕೊಯ್ಯುತ್ತದೆ. ನಿಮ್ಮ ಉಪ್ಪುಕಾಗದಕ್ಕೂ ಒಂದು ಕೆಲಸ ಸಿಕ್ಕಿತು.